ಬಾಕಿ ಬಿಲ್ಲಿನ ಬಡ್ಡಿ ಯಾರ ಲೆಕ್ಕಕ್ಕೆ?

ಉದಗೀರ, ನಿಲಂಗಾ ಎರಡೂ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳು. ಉಮರ್ಗಾ ಉಸ್ಮಾನಾಬಾದಿನದು; ಆ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು. ಆ ವರ್ಷದ ನವೆಂಬರ್ 1ರಂದು, ರಾಜ್ಯಗಳ ಮರುವಿಂಗಡಣೆಯಲ್ಲಿ, ಬಿದ್ದ ಗೆರೆ ಮನೆಮಾತನ್ನೇನೂ ಸೀಳಲಿಲ್ಲ. ಈ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಒಳಮನೆಯಲ್ಲಿ ಕನ್ನಡ, ಪಡಸಾಲೆಯಲ್ಲಿ ಮರಾಠಿ. ಗೆರೆ ಎದ್ದು ಕಾಣುವುದು ಸರ್ಕಾರಿ ಕೆಲಸದಲ್ಲಿ. ಎರೆಮಣ್ಣು ಅದೇ, ಜಲ್ಲಿಯ ಕರಿಕಲ್ಲು ಅದೇ, ಹರಿಯುವ ಮಾಂಜ್ರಾ ಅದೇ. ಆದರೆ ನಿಲಂಗಾ ತಾಲ್ಲೂಕಿನ ಔರಾದ ಶಹಾಜಾನಿಯಲ್ಲಿ ಒಂದು ಸೇತುವೆ ಕಟ್ಟಿದರೆ ಅದರ ನಿಯಮ ಮುಂಬಯಿಯದು, ಗಡಿ ದಾಟಿ ಭಾಲ್ಕಿಯ ಕಡೆ ಕಟ್ಟಿದರೆ ಬೆಂಗಳೂರಿನದು.

ನಿಯಮ ಹುಟ್ಟುವ ಬಗೆಯೂ ಬೇರೆ. ಕರ್ನಾಟಕಕ್ಕೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಇದೆ. ಕಚೇರಿಗಳ ಬಾಯಲ್ಲಿ ಅದು ಕೆಟಿಪಿಪಿ. ಅದನ್ನು ತಿದ್ದಬೇಕಾದರೆ ವಿಧಾನಸಭೆಗೆ ಬರಬೇಕು, ಜಗಳವಾಗಬೇಕು, ಪತ್ರಿಕೆಯಲ್ಲಿ ಬರಬೇಕು. ಮಹಾರಾಷ್ಟ್ರದಲ್ಲಿ ಅಂಥ ಒಂದು ಕಾಯ್ದೆ ಇಲ್ಲ. ಅಲ್ಲಿ ನಡೆಯುವುದು ಇಲಾಖೆ ಹೊರಡಿಸುವ ಜಿ.ಆರ್. ಎಂಬ ಸರ್ಕಾರಿ ನಿರ್ಣಯದ ಮೇಲೆ. ಒಂದು ಸಂಜೆ ಹೊಸ ಜಿ.ಆರ್. ಬರುತ್ತದೆ, ಮರುದಿನದಿಂದ ಟೆಂಡರಿನ ಮಿತಿ ಬೇರೆ, ಠೇವಣಿ ಬೇರೆ. ಗದ್ದಲವಿಲ್ಲ. ಗದ್ದಲ ಇರುವ ಕಡೆ ಖಜಾನೆಗೆ ಖರ್ಚು ಹೆಚ್ಚು, ಇಲ್ಲದ ಕಡೆ ಕಡಿಮೆ ಎಂದು ಭಾವಿಸುವುದು ಸುಲಭ. ಆದರೆ ಗಡಿಯಲ್ಲಿ ನಿಂತು ಎರಡೂ ಕಡೆ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ: ಎರಡೂ ರಾಜ್ಯಗಳು ನಿಯಮ ತಿದ್ದುವಾಗ ಕೆಲಸ ಯಾರಿಗೆ ಸಿಗಬೇಕು ಎಂಬುದರ ಮೇಲೆ ಹೊಡೆದಾಡುತ್ತವೆ. ದುಡ್ಡು ಯಾವಾಗ ಕೊಡಬೇಕು ಎಂಬುದನ್ನು ಎರಡೂ ಮುಟ್ಟುವುದಿಲ್ಲ. ಬಜೆಟ್ಟನ್ನು ತಿನ್ನುತ್ತಿರುವುದು ಆ ಎರಡನೆಯದು.

2025ರ ಮಾರ್ಚ್ 21ರಂದು ಕರ್ನಾಟಕದ ವಿಧಾನಸಭೆಯಲ್ಲಿ ಕೆಟಿಪಿಪಿ ತಿದ್ದುಪಡಿ ವಿಧೇಯಕ ಅಂಗೀಕಾರವಾದಾಗ ಕಾಗದ ಹರಿದು ಹಾರಿತು, ಹದಿನೆಂಟು ಶಾಸಕರು ಅಮಾನತಾದರು. ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95, ಪ್ರವರ್ಗ 1ಕ್ಕೆ ಶೇ 4, 2ಎಗೆ ಶೇ 15 ಮೀಸಲು ಮೊದಲೇ ಇತ್ತು. ಹೊಸದಾಗಿ 2ಬಿ ವರ್ಗದ ಮುಸ್ಲಿಮರಿಗೆ ಶೇ 4 ಸೇರಿಸಿ, ಮೀಸಲಿನ ಮಿತಿಯನ್ನು ಒಂದು ಕೋಟಿಯಿಂದ ಎರಡು ಕೋಟಿಗೆ ಏರಿಸುವುದು ವಿಧೇಯಕದ ಸಾರ. ರಾಜ್ಯಪಾಲರು ಅದನ್ನು ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಿದರು. ಈ ಮೀಸಲು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬುದು ಗಂಭೀರವಾದ ಪ್ರಶ್ನೆ, ಅದನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ನನ್ನ ಪ್ರಶ್ನೆ ಖಜಾನೆಯದು. ಮೀಸಲಿನಿಂದ ಪೈಪೋಟಿ ಕುಗ್ಗುತ್ತದೆ, ಪೈಪೋಟಿ ಕುಗ್ಗಿದರೆ ದರ ಏರುತ್ತದೆ, ತೆರಿಗೆದಾರನ ಹಣ ಪೋಲಾಗುತ್ತದೆ ಎಂಬ ಮಾತು ಆಗ ಎಲ್ಲೆಡೆ ಕೇಳಿಬಂತು. ಸರಿ, ಲೆಕ್ಕ ಹಾಕಿಯೇ ನೋಡೋಣ.

2025-26ರ ಕರ್ನಾಟಕ ಬಜೆಟ್ಟಿನಲ್ಲಿ ಬಂಡವಾಳ ವೆಚ್ಚ 71,336 ಕೋಟಿ ರೂಪಾಯಿ. ಅದರಲ್ಲಿ ಐದನೇ ಒಂದು ಭಾಗ ಎರಡು ಕೋಟಿಯೊಳಗಿನ ಕಾಮಗಾರಿ ಎಂದು ಇಟ್ಟುಕೊಳ್ಳಿ. ಇದು ನನ್ನ ಊಹೆ, ಬೇಕಾದವರು ಬದಲಿಸಿಕೊಳ್ಳಬಹುದು. ಸುಮಾರು 14,270 ಕೋಟಿ ಆಯಿತು. ಮೀಸಲು ಟೆಂಡರಿನಲ್ಲೂ ಪೈಪೋಟಿ ಇರುತ್ತದೆ, ಆದರೆ ಸ್ಪರ್ಧಿಗಳು ಕಡಿಮೆಯಾದ್ದರಿಂದ ಗುತ್ತೇದಾರರು ಸರ್ಕಾರಿ ದರಪಟ್ಟಿಯ ಎಸ್‌ಆರ್ ದರಕ್ಕಿಂತ ಕೆಳಗೆ ಹೋಗುವುದು ಕಡಿಮೆ. ಹಾಗೆ ಸರ್ಕಾರ ಶೇ 5ರಷ್ಟು ಉಳಿತಾಯ ಕಳೆದುಕೊಳ್ಳುತ್ತದೆ ಎನ್ನೋಣ. ಎಲ್ಲ ವರ್ಗಗಳ ಮೀಸಲು ಸೇರಿ ಶೇ 47.1, ಆಗ ಒಟ್ಟು ನಷ್ಟ ವರ್ಷಕ್ಕೆ ಸುಮಾರು 336 ಕೋಟಿ. ಸದನದಲ್ಲಿ ಕಾಗದ ಹರಿದದ್ದು ಯಾವ ಶೇ 4ಕ್ಕಾಗಿಯೋ ಅದೊಂದರ ಪಾಲು 28 ಕೋಟಿಯ ಆಸುಪಾಸು. ನಾಲ್ಕು ಲಕ್ಷ ಒಂಬತ್ತು ಸಾವಿರ ಕೋಟಿಯ ಬಜೆಟ್ಟಿನಲ್ಲಿ.

ಇನ್ನೊಂದು ಲೆಕ್ಕ. ತಮಗೆ ಬರಬೇಕಾದ ಬಾಕಿ 32 ಸಾವಿರ ಕೋಟಿ ಎಂದು ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘ 2025ರಲ್ಲಿ ಹೇಳಿತು. ಅದೇ ವರ್ಷದ ಆರಂಭದಲ್ಲಿ ಮಹಾರಾಷ್ಟ್ರದ ಗುತ್ತಿಗೆದಾರರ ಸಂಘಟನೆಗಳು ಹೇಳಿದ ಮೊತ್ತ 89 ಸಾವಿರ ಕೋಟಿ. ವಸೂಲಿಗೆ ನಿಂತವರ ಲೆಕ್ಕ ಸ್ವಲ್ಪ ಉಬ್ಬಿರುವುದು ಸಹಜ. ಅರ್ಧವೇ ನಿಜ ಎನ್ನಿ. ಕರ್ನಾಟಕದಲ್ಲಿ 16 ಸಾವಿರ ಕೋಟಿ, ಮಹಾರಾಷ್ಟ್ರದಲ್ಲಿ 44,500 ಕೋಟಿ. ಇದು ಸರ್ಕಾರ ಗುತ್ತೇದಾರನಿಂದ ಕೇಳದೆ ತೆಗೆದುಕೊಂಡ ಸಾಲ. ರಾಜ್ಯ ಸರ್ಕಾರ ಮಾರುಕಟ್ಟೆಗೆ ಹೋಗಿ ಸಾಲಪತ್ರ ಹರಾಜು ಹಾಕಿದರೆ ಶೇ 7ರ ಆಸುಪಾಸಿನ ಬಡ್ಡಿಗೆ ಹಣ ಸಿಗುತ್ತದೆ. ಗುತ್ತೇದಾರ ಬ್ಯಾಂಕಿಗೆ ಹೋದರೆ ಶೇ 12. ಬ್ಯಾಂಕಿನ ಮಿತಿ ಮುಗಿದ ಮೇಲೆ ಕೈಸಾಲಕ್ಕೆ ಹೋದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಅಂದರೆ ವರ್ಷಕ್ಕೆ 24. ಕೈಸಾಲ ಬಿಡಿ, ಬ್ಯಾಂಕಿನದನ್ನೇ ಹಿಡಿದರೂ ಸರ್ಕಾರ ಅಗ್ಗವಾಗಿ ತರಬಹುದಾದ ದುಡ್ಡನ್ನು ಗುತ್ತೇದಾರನ ಕೈಯಿಂದ ದುಬಾರಿಯಾಗಿ ತರಿಸಿದ್ದಕ್ಕೆ ಆಗುವ ವ್ಯತ್ಯಾಸ ಶೇ 5. ಕರ್ನಾಟಕಕ್ಕೆ ವರ್ಷಕ್ಕೆ 800 ಕೋಟಿ, ಮಹಾರಾಷ್ಟ್ರಕ್ಕೆ 2,225 ಕೋಟಿ. ಇದಕ್ಕಾಗಿ ಯಾವ ಸದನದಲ್ಲೂ ಯಾರೂ ಅಮಾನತಾಗಲಿಲ್ಲ.

ಈ ನಷ್ಟ ಯಾಕೆ ಕಾಣುವುದಿಲ್ಲ ಎಂದರೆ ನಮ್ಮ ಸರ್ಕಾರಗಳ ಲೆಕ್ಕ ಇರುವುದು ನಗದಿನ ಮೇಲೆ. ಹಣ ಖಜಾನೆಯಿಂದ ಹೊರಬಿದ್ದ ದಿನ ಅದು ಖರ್ಚು. ರಸ್ತೆ ಆಗಿದೆ, ಬಸ್ಸು ಓಡುತ್ತಿದೆ, ಅಳತೆ ಪುಸ್ತಕದಲ್ಲಿ ಇಂಜಿನಿಯರ್ ಸಹಿ ಬಿದ್ದಿದೆ, ಆದರೆ ಬಿಲ್ಲು ಪಾಸಾಗಿಲ್ಲ. ಹಾಗಾದರೆ ಲೆಕ್ಕದ ಪ್ರಕಾರ ಆ ರಸ್ತೆಗೆ ಸರ್ಕಾರ ಏನೂ ಖರ್ಚು ಮಾಡಿಲ್ಲ. ವಿತ್ತೀಯ ಕೊರತೆ ಒಳ ಉತ್ಪನ್ನದ ಶೇ 3 ದಾಟಬಾರದೆಂದು ಕರ್ನಾಟಕ 2002ರಲ್ಲೇ ಹೊಣೆಗಾರಿಕೆ ಕಾಯ್ದೆ ಮಾಡಿತು. ಬಿಲ್ಲು ತಡೆದರೆ ಆ ಶೇ 3 ಸುರಕ್ಷಿತ. ಹೊಣೆಗಾರಿಕೆಯ ಕಾಯ್ದೆಯೇ ಬಿಲ್ಲು ತಡೆಯಲು ಆಸೆ ಹುಟ್ಟಿಸುತ್ತದೆ ಎಂಬುದು ಅದನ್ನು ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೂ ಸುಮ್ಮನಿದ್ದಾರು.

ಬಡ್ಡಿ ಗುತ್ತೇದಾರನ ತಲೆಯ ಮೇಲೆ ತಾನೇ, ಖಜಾನೆಗೇನು ಎಂದು ಕೇಳಬಹುದು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಸಣ್ಣ ಸಾಲಕ್ಕೆ ಸರಿ. ಸರ್ಕಾರಿ ಕೆಲಸದಲ್ಲಿ ಕೋಡಂಗಿ ಮುಂದಿನ ವರ್ಷವೂ ಟೆಂಡರ್ ಹಾಕುತ್ತಾನೆ. ಹಣ ಒಂದೂವರೆ ವರ್ಷ ಬರುವುದಿಲ್ಲ ಎಂದು ಗೊತ್ತಿರುವವನು ಆ ಬಡ್ಡಿಯನ್ನು ದರದಲ್ಲೇ ಸೇರಿಸುತ್ತಾನೆ. ಪೈಪೋಟಿ ಜೋರಾಗಿ ಸೇರಿಸಲು ಆಗದಿದ್ದರೆ ಸಿಮೆಂಟಿನಲ್ಲಿ ಕಳೆಯುತ್ತಾನೆ. ಈ ಸೀಮೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದು. ಅಡಿಪದರ ತೆಳುವಾದ ರಸ್ತೆಯನ್ನು ಅದು ಎರಡನೇ ಮಳೆಗಾಲದಲ್ಲಿ ಎತ್ತಿ ಹಾಕುತ್ತದೆ. ಟೆಂಡರ್ ಶೇ 20 ಬಿಲೋ ಹೋಯಿತು, ಇಷ್ಟು ಉಳಿಯಿತು ಎಂದು ಕಡತದಲ್ಲಿ ಬರೆದದ್ದು ಮೂರನೇ ವರ್ಷ ದುರಸ್ತಿಯ ಅಂದಾಜಾಗಿ ಮರಳಿ ಬರುತ್ತದೆ. ಹೀಗಾಗಿಯೇ ಎರಡೂ ರಾಜ್ಯಗಳು ತೀರಾ ಕೆಳಗೆ ಹೋದವರಿಂದ ಹೆಚ್ಚುವರಿ ಭದ್ರತಾ ಠೇವಣಿ ಕೇಳಲು ಆರಂಭಿಸಿದವು. ಆ ಠೇವಣಿಗೂ ಗುತ್ತೇದಾರ ಸಾಲವನ್ನೇ ಮಾಡುತ್ತಾನೆ.

ಸಣ್ಣವನಿಗೆ ಈ ಕಾಯುವಿಕೆ ಇನ್ನೊಂದು ರೀತಿಯಲ್ಲಿ ಮಾರಕ. ಮೀಸಲಿನಿಂದ ಮೊದಲ ಸಲ ಟೆಂಡರ್ ಹಿಡಿದ ದಲಿತ ಯುವಕನ ಹಿಂದೆ ಮೂರು ತಲೆಮಾರಿನ ಆಸ್ತಿ ಇರುವುದಿಲ್ಲ. ನಲವತ್ತು ಲಕ್ಷದ ಕೆಲಸ ಮುಗಿಸಿ ಹಣ ಬಿಡುಗಡೆಯ ಎಲ್‌ಒಸಿಗಾಗಿ ವರ್ಷಗಟ್ಟಲೆ ಕಾಯಲು ಅವನಿಂದ ಆಗದು. ಆಗ ದೊಡ್ಡ ಗುತ್ತೇದಾರನೊಬ್ಬ ಬರುತ್ತಾನೆ: ಹೆಸರು ನಿನ್ನದಿರಲಿ, ಕೆಲಸ ನನ್ನದಿರಲಿ, ನಿನಗೆ ಇಷ್ಟು. ಮಹಾರಾಷ್ಟ್ರದಲ್ಲಿ ಸಣ್ಣ ಕಾಮಗಾರಿಗಳನ್ನು ನಿರುದ್ಯೋಗಿ ಇಂಜಿನಿಯರ್‌ಗಳು, ಮಜೂರ ಸಹಕಾರ ಸಂಘಗಳು, ಉಳಿದ ಗುತ್ತೇದಾರರು ಎಂದು ಮೂರು ಪಾಲು ಮಾಡುವ ಪದ್ಧತಿ ಬಹಳ ಹಳೆಯದು. ಉದ್ದೇಶ ಒಳ್ಳೆಯದು. ಆದರೆ ತಡವಾಗಿ ಕೊಡುವ ಸರ್ಕಾರದ ಕೆಳಗೆ ಕೂಲಿಕಾರರ ಸಂಘವೊಂದು ಸ್ವಂತ ಬಲದಿಂದ ಉಳಿಯುವುದು ಹೇಗೆ? ಕೂಲಿಯನ್ನು ವಾರದ ಸಂತೆಗೆ ಕೊಡಬೇಕು, ಬಿಲ್ಲು ಬರುವುದು ಮುಂದಿನ ಮಾರ್ಚಿಗೋ ಅದರ ಮುಂದಿನ ಮಾರ್ಚಿಗೋ. ಮೀಸಲು ಸರಿಯೋ ತಪ್ಪೋ ಎಂದು ವಾದಿಸುವವರು ಇಬ್ಬರೂ ಇದನ್ನು ಬಿಟ್ಟುಬಿಡುತ್ತಾರೆ. ಪಾವತಿಯ ನಿಯಮ ಬದಲಾಗದೆ ಪ್ರವೇಶದ ನಿಯಮ ಮಾತ್ರ ಬದಲಾದರೆ ಸಿಗುವುದು ಹೆಸರಿನ ಬಾಡಿಗೆ.

ಕಮಿಷನ್ನಿನ ಬೇರೂ ಇಲ್ಲೇ. 2021ರಲ್ಲಿ ಕರ್ನಾಟಕದ ಗುತ್ತಿಗೆದಾರರ ಸಂಘದ ಅಧ್ಯಕ್ಷ ಡಿ. ಕೆಂಪಣ್ಣ ಪ್ರಧಾನಿಗೆ ಬರೆದ ಪತ್ರದಿಂದ ಶೇ 40 ಕಮಿಷನ್ನಿನ ಮಾತು ಹೊರಬಿತ್ತು. ಮುಂದೆ ಸರ್ಕಾರ ಬದಲಾಗಿ ಅದರ ತನಿಖೆಗೆ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ಆಯೋಗ ಬಂತು, 2025ರಲ್ಲಿ ವರದಿ ಕೊಟ್ಟಿತು. ಯಾರು ತಪ್ಪಿತಸ್ಥರು ಎಂಬುದು ಒಂದು ವಿಷಯ. ಯಾರ ಬಿಲ್ಲು ಮೊದಲು, ಯಾರದು ಆಮೇಲೆ ಎಂದು ಆರಿಸುವ ಅಧಿಕಾರ ಮೇಜಿನ ಆ ಬದಿಯಲ್ಲಿ ಇರುವ ತನಕ ಆ ಆಯ್ಕೆಗೆ ಬೆಲೆ ಇದ್ದೇ ಇರುತ್ತದೆ, ಕುರ್ಚಿಯಲ್ಲಿ ಯಾವ ಪಕ್ಷ ಕುಳಿತರೂ.

ಸಕಾಲಕ್ಕೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಉಮರ್ಗಾ, ಔಸಾ, ನಿಲಂಗಾ ಸೀಮೆಯಲ್ಲೇ ಅದನ್ನು ಒಮ್ಮೆ ಮಾಡಿ ನೋಡಿದ್ದಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಅನಂತ ಚತುರ್ದಶಿಯ ಗಣಪತಿಗಳನ್ನು ಕಳಿಸಿ ಊರು ಮಲಗಿದ್ದಾಗ, ಕಿಲ್ಲಾರಿಯ ಭೂಕಂಪ ಬಂತು. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣು ತುಂಬಿದ ಮಾಳಿಗೆ; ಬಿಸಿಲಿಗೆ ತಂಪಾಗಿದ್ದ ಆ ಮನೆಗಳೇ ಸಾವಿರಾರು ಜನರ ಮೇಲೆ ಕುಸಿದವು. ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು ನೆಲಸಮವಾದವು. ವಿಶ್ವಬ್ಯಾಂಕಿನ ಸಾಲದೊಂದಿಗೆ ಮಹಾರಾಷ್ಟ್ರ ಕೈಗೊಂಡ ಪುನರ್ವಸತಿಯಲ್ಲಿ, ಯಾರೂ ಹಾಗೆ ಹೆಸರಿಡದಿದ್ದರೂ, ಎರಡು ಬಗೆಯ ಗುತ್ತಿಗೆ ಪದ್ಧತಿ ಅಕ್ಕಪಕ್ಕದಲ್ಲಿ ನಡೆದವು.

ಪೂರ್ತಿ ನಾಶವಾದ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಒಯ್ದು ಕಟ್ಟಲಾಯಿತು. ಅಲ್ಲಿ ಗುತ್ತೇದಾರರು ಕಟ್ಟಿದರು, ದಾನಿ ಸಂಸ್ಥೆಗಳು ಕಟ್ಟಿಸಿದವು. ಹೊಲವಿಲ್ಲದವರಿಗೂ ಒಂದು ಹೆಕ್ಟೇರಿಗಿಂತ ಕಡಿಮೆ ಇದ್ದವರಿಗೂ 250 ಚದರ ಅಡಿ, ಏಳು ಹೆಕ್ಟೇರಿನವರೆಗೆ ಇದ್ದವರಿಗೆ 400, ಅದಕ್ಕೂ ಹೆಚ್ಚು ಇದ್ದವರಿಗೆ 750. ಹಳೆಯ ಅಂತಸ್ತನ್ನು ಸಿಮೆಂಟಿನಲ್ಲಿ ಅಚ್ಚು ಹಾಕಿದಂತೆ. ಚೌಕಾಚೌಕ ಬೀದಿ, ಅಗಲವಾದ ರಸ್ತೆ, ಎತ್ತು ಕಟ್ಟಲು ಜಾಗ ಎಲ್ಲಿ ಎಂದು ಹುಡುಕಬೇಕು. ಮನೆ ಗಟ್ಟಿ. ಆದರೆ ಆ ಮನೆಯಲ್ಲಿ ಇರಬೇಕಾದವರು ಅದು ಕಟ್ಟುವಾಗ ಹೊರಗಿನವರು.

ಬಿರುಕು ಬಿಟ್ಟು ನಿಂತಿದ್ದ ಮನೆಗಳ ಸಂಖ್ಯೆ ಇನ್ನೂ ದೊಡ್ಡದು, ಸುಮಾರು ಎರಡು ಲಕ್ಷ. ಅಷ್ಟು ಮನೆಗೆ ಟೆಂಡರ್ ಕರೆಯುವುದು ಆಗದ ಮಾತು. ಹಾಗಾಗಿ ನಿಯಮವನ್ನೇ ತಿರುಗಿಸಿದರು. ಹಣ ಮನೆಯ ಒಡೆಯನ ಬ್ಯಾಂಕ್ ಖಾತೆಗೆ, ಕಂತುಗಳಲ್ಲಿ. ಮೊದಲ ಕಂತು ಕೆಲಸಕ್ಕೆ ಮುಂಚೆ. ಇಂಜಿನಿಯರ್ ಬಂದು ಒಂದು ಹಂತ ಮುಗಿದಿದೆ ಎಂದರೆ ಮುಂದಿನ ಕಂತು. ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ್ ಸಂಸ್ಥೆಯನ್ನು ಸರ್ಕಾರವೇ ಕರೆದು ಜನರ ಪಾಲುಗೊಳ್ಳುವಿಕೆಯ ಹೊಣೆ ಕೊಟ್ಟಿತು. ಹಳ್ಳಿಯ ಹೆಂಗಸರು ಸಂವಾದ ಸಹಾಯಕರಾಗಿ ಮನೆಮನೆಗೆ ಹೋಗಿ ಗೋಡೆಯ ಮೂಲೆಗೆ ಕಟ್ಟು ಹಾಕುವುದು ಹೇಗೆ, ಸಿಮೆಂಟ್ ಪಟ್ಟಿ ಎಲ್ಲಿ ಬರಬೇಕು ಎಂದು ಹೇಳಿದರು. ಕಂತು ಯಾಕೆ ನಿಂತಿದೆ ಎಂದು ಕಚೇರಿಯಲ್ಲಿ ಕೇಳಿದವರೂ ಅವರೇ. ಖಜಾನೆಯ ಕಣ್ಣಿನಿಂದ ನೋಡಿದರೆ ಸರ್ಕಾರಕ್ಕೆ ಇಲ್ಲಿ ಎರಡು ಲಕ್ಷ ಮೇಲ್ವಿಚಾರಕರು ಪುಕ್ಕಟೆ ಸಿಕ್ಕರು. ತನ್ನ ಮಕ್ಕಳು ಮಲಗುವ ಗೋಡೆಗೆ ಸಿಮೆಂಟ್ ಕಡಿಮೆ ಹಾಕುವ ಮೇಸ್ತ್ರಿಯನ್ನು ಯಾವ ತಾಯಿ ಸುಮ್ಮನೆ ಬಿಟ್ಟಾಳು?

ಇದನ್ನು ಬಂಗಾರದ ಕತೆ ಮಾಡಬೇಕಾಗಿಲ್ಲ. ಹಳೆಯ ಗೋಡೆಯನ್ನು ಬಲಪಡಿಸಲು ಕೊಟ್ಟ ದುಡ್ಡಿನಲ್ಲಿ ಬಹಳ ಜನ ಪಕ್ಕದಲ್ಲೊಂದು ಇಟ್ಟಿಗೆ ಕೋಣೆ ಕಟ್ಟಿಕೊಂಡರು. ಕಲ್ಲಿನ ಮೇಲಿನ ನಂಬಿಕೆ ಹೋಗಿತ್ತು. ತಂತ್ರಜ್ಞರಿಗೆ ಅದು ಹಿಡಿಸಲಿಲ್ಲ, ಹಳೆಯ ಮನೆ ಹಾಗೇ ಅಪಾಯದಲ್ಲಿ ಉಳಿಯಿತು. ಮೇಲ್ವಿಚಾರಣೆಗೆ ಕಿರಿಯ ಇಂಜಿನಿಯರ್‌ಗಳ ಪಡೆಯನ್ನೇ ಇಡಬೇಕಾಯಿತು, ಅದರ ಖರ್ಚೂ ಇದೆ. ಆದರೂ 2001ರ ಜನವರಿಯಲ್ಲಿ ಗುಜರಾತಿನ ಕಛ್‌ನಲ್ಲಿ ಭೂಮಿ ನಡುಗಿದಾಗ ಅಲ್ಲಿನ ಸರ್ಕಾರ ಬಹುಪಾಲು ಮನೆಗಳಿಗೆ ಆರಿಸಿಕೊಂಡದ್ದು ಒಡೆಯನೇ ಕಟ್ಟುವ ದಾರಿಯನ್ನು.

ಎರಡು ಲಕ್ಷ ಒಡೆಯರು ಒಂದರ್ಥದಲ್ಲಿ ಸರ್ಕಾರ ಕಂಡ ಅತ್ಯಂತ ಬಡ ಗುತ್ತೇದಾರರು. ಅವರ ಬಳಿ ಟೆಂಡರಿನ ಇಎಂಡಿ ಠೇವಣಿ ಇರಲಿಲ್ಲ, ಯಂತ್ರ ಇರಲಿಲ್ಲ, ಬ್ಯಾಂಕ್ ಗ್ಯಾರಂಟಿ ಇರಲಿಲ್ಲ. ಆದರೂ ಕೆಲಸ ನಡೆಯಿತು, ಯಾಕೆಂದರೆ ಹಣ ಕೆಲಸಕ್ಕಿಂತ ಮುಂದೆ ಅಥವಾ ಅದರ ಬೆನ್ನಿಗೇ ಬಂತು. ರಸ್ತೆಯನ್ನೋ ಸೇತುವೆಯನ್ನೋ ಹೀಗೆ ಕಟ್ಟಲಾಗದು, ಒಪ್ಪೋಣ. ರಸ್ತೆಗೆ ಒಡೆಯ ಇಲ್ಲ. ಆದರೆ ಹಂತಕ್ಕೆ ಹಣ ಎಂಬ ಶಿಸ್ತು ಮನೆಗೆ ಮಾತ್ರ ಸೀಮಿತವಾಗಬೇಕಾದ ಕಾರಣ ನನಗೆ ಕಾಣುವುದಿಲ್ಲ. ಟೆಂಡರ್ ಕರೆಯುವ ದಿನವೇ ಆ ಕೆಲಸದ ಹಣ ಬೇರೆ ಖಾತೆಯಲ್ಲಿ ಕುಳಿತಿರಬೇಕು ಎಂಬ ಒಂದೇ ನಿಯಮ ಬಂದರೂ, ನೂರು ರೂಪಾಯಿ ಕೆಲಸಕ್ಕೆ ಹತ್ತು ರೂಪಾಯಿ ಇಟ್ಟು ಶಂಕುಸ್ಥಾಪನೆ ಮಾಡುವುದು ನಿಲ್ಲುತ್ತದೆ. ಬಾಕಿಯ ಬೆಟ್ಟ ಬೆಳೆದದ್ದು ಹಾಗೆ. ಚುನಾವಣೆಗೆ ಮುಂಚಿನ ವರ್ಷ ಮಂಜೂರಾತಿ ಕೊಡುತ್ತಾರೆ, ಆಮೇಲಿನ ವರ್ಷಗಳಲ್ಲಿ ಕೊಟ್ಟ ಮಾತಿಗೂ ಇರುವ ಹಣಕ್ಕೂ ತಾಳೆಯಾಗುವುದಿಲ್ಲ.

ನಡುವೆ ಒಂದು ಮಾತು. ದೆಹಲಿ ಬದಲಿಸುವ ನಿಯಮವೂ ಇಲ್ಲಿನ ಬಜೆಟ್ಟಿಗೆ ತಾಗುತ್ತದೆ. 2022ರ ಜುಲೈ 18ರಿಂದ ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. ಒಂದು ಕೋಟಿಯ ಕೆಲಸಕ್ಕೆ ತೆರಿಗೆ 12 ಲಕ್ಷದ ಬದಲು 18 ಲಕ್ಷ. ಹೆಚ್ಚಾದ ಆರರಲ್ಲಿ ಮೂರು ಲಕ್ಷ ರಾಜ್ಯದ ಪಾಲಾಗಿ ಮರಳುತ್ತದೆ, ಆದರೆ ಮರಳುವುದು ಖಜಾನೆಗೆ. ಕಟ್ಟಿದ್ದು ಜಿಲ್ಲಾ ಪರಿಷತ್ತು ಅಥವಾ ಪಂಚಾಯಿತಿ. ಹಿಂದಿನ ದರದಲ್ಲಿ ಒಪ್ಪಂದ ಮಾಡಿಕೊಂಡ ಕೆಲಸಗಳಲ್ಲಿ ಈ ವ್ಯತ್ಯಾಸ ಯಾರು ಭರಿಸಬೇಕು ಎಂಬ ತಕರಾರು ಬಿಲ್ಲು ತಡೆಯಲು ಇನ್ನೊಂದು ನೆಪವಾಯಿತು.

ತಡವಾದ ಬಿಲ್ಲಿಗೆ ಬಡ್ಡಿ ಕೊಡಬೇಕೆಂಬ ನಿಯಮ ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಚಕ್ರಬಡ್ಡಿ. ಆದರೆ ಸರಕು, ಸೇವೆಗೆ ಅನ್ವಯಿಸುವ ಈ ರಕ್ಷಣೆ ಕಾಮಗಾರಿ ಗುತ್ತಿಗೆಗೆ ಸಲ್ಲುವುದಿಲ್ಲ ಎಂದು ಬಾಂಬೆ ಹೈಕೋರ್ಟ್ ಹೇಳಿದೆ. ಉದಗೀರದ ಒಂದು ಹಳ್ಳಿಯ ನೀರಿನ ಯೋಜನೆಗೆ ಪಂಪು ಒದಗಿಸಿದ ಸಣ್ಣ ಕಾರ್ಖಾನೆ ಬಡ್ಡಿ ಕೇಳಬಹುದು. ಅದೇ ಪಂಪು ಕೂರಿಸಲು ಬಾವಿ ತೋಡಿ, ಟಾಕಿ ಕಟ್ಟಿದವನು ಈ ಕಾಯ್ದೆ ಹಿಡಿದು ಕೇಳುವಂತಿಲ್ಲ.

ಎರಡು ರಾಜ್ಯಗಳೂ ತಮ್ಮ ಗುತ್ತಿಗೆ ನಿಯಮಕ್ಕೆ ಒಂದು ಸಾಲು ಸೇರಿಸಬಹುದು: ಅಳತೆ ದಾಖಲಾದ ಅರವತ್ತು ದಿನದ ನಂತರ ಸರ್ಕಾರ ತಾನು ಸಾಲ ತರುವ ದರದಲ್ಲೇ ಬಡ್ಡಿ ಕೊಡತಕ್ಕದ್ದು. ಜೊತೆಗೆ ಬಜೆಟ್ ಪುಸ್ತಕದಲ್ಲಿ ಒಂದು ಪುಟ, ಎಷ್ಟು ಬಿಲ್ಲು ಎಷ್ಟು ದಿನದಿಂದ ಬಾಕಿ ಎಂದು, ಇಲಾಖೆವಾರು. ಮೊದಲ ವರ್ಷ ಇದು ದುಬಾರಿಯಾಗಿ ಕಾಣುತ್ತದೆ. ಸಂಘದ ಲೆಕ್ಕದ ಅರ್ಧ ಹಿಡಿದರೆ ಕರ್ನಾಟಕಕ್ಕೆ ಶೇ 7ರಂತೆ 1,120 ಕೋಟಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ಘೋಷಿಸುವ 5,000 ಕೋಟಿಯ ಕಾಲು ಭಾಗಕ್ಕಿಂತ ಕಡಿಮೆ. ಯಾವ ಹಣಕಾಸು ಮಂತ್ರಿಗೂ ಈ ಸಾಲು ಇಷ್ಟವಾಗಲಿಕ್ಕಿಲ್ಲ. ಇಷ್ಟು ವರ್ಷ ಟೆಂಡರ್ ದರದಲ್ಲೂ ಬಿರಿದ ರಸ್ತೆಯಲ್ಲೂ ಅಡಗಿಕೊಂಡು ಹೋಗುತ್ತಿದ್ದ ಖರ್ಚು ಆಗ ಅವರ ಸಹಿಯ ಕೆಳಗೆ, ಒಂದು ಲೆಕ್ಕಶೀರ್ಷಿಕೆಯ ಎದುರು, ಅಂಕಿಯಾಗಿ ಬಂದು ಕೂರುತ್ತದೆ.